ಸಹಾಯ ಬೇಕು: ಫ್ರೈಬರ್ಗ್ ಗಣಿ ವಿಶ್ವವಿದ್ಯಾಲಯದ ಲೇಖನಕ್ಕೆ ಕನ್ನಡ ಪದಗಳು

ಜರ್ಮನಿಯ ಸ್ಯಾಕ್ಸನಿಯಲ್ಲಿರುವ ಫ್ರೈಬರ್ಗ್‌ನ 'ಬೆರ್ಗ್‌ಅಕಾಡೆಮಿ' ಶುರುವಾದದ್ದು 1765ರಲ್ಲಿ. ಈಗ ಅದು ತಾಂತ್ರಿಕ ವಿಶ್ವವಿದ್ಯಾಲಯ. ಗಣಿಗಾರಿಕೆ, ಭೂವಿಜ್ಞಾನ, ಲೋಹವಿಜ್ಞಾನ ಇಂದಿಗೂ ಅದರ ಬೆನ್ನೆಲುಬು. ಕನ್ನಡದಲ್ಲಿ ಏನನ್ನೋಣ? 'ಗಣಿ ಅಕಾಡೆಮಿ' ಅಂದರೆ ತರಬೇತಿ ಶಾಲೆಯಂತೆ ಕೇಳಿಸುತ್ತೆ.

ಇನ್ನೊಂದು ತೊಡಕು, ಅಲ್ಲಿ ನಡೆದ ಶೋಧಗಳದ್ದು. ಇಂಡಿಯಂ ಎಂಬ ಧಾತು (1863) ಸಲೀಸು: ರೋಹಿತದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ) ಕಂಡ 'ಇಂಡಿಗೊ' ನೀಲಿ ಗೆರೆಯಿಂದ ಬಂದ ಹೆಸರು, ಇಂಡಿಯಾಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಜರ್ಮೇನಿಯಂ (1886) ವಿವರಿಸೋದು ಕಷ್ಟ. ಆರ್ಜಿರೊಡೈಟ್ ಎಂಬ ಬೆಳ್ಳಿಯ ಅದಿರನ್ನು ಅಲ್ಲಿನ ರಸಾಯನಶಾಸ್ತ್ರಜ್ಞ ವಿಂಕ್ಲರ್ ವಿಶ್ಲೇಷಿಸಿದಾಗ ಬೆಳ್ಳಿ, ಗಂಧಕ ಎಲ್ಲಾ ಕೂಡಿಸಿದರೂ ಲೆಕ್ಕ ಸುಮಾರು 93% ದಾಟಲಿಲ್ಲ. ಎಷ್ಟು ಸಲ ಮಾಡಿದರೂ ಅಷ್ಟೇ. ಆ ಉಳಿದ 7% ಹೊಸ ಧಾತು.

ಹೀಗೆ ಅದಿರಿನ ಅಂಶಗಳನ್ನು ಅಳೆಯುವ 'ಅಸ್ಸೇ' ಕೆಲಸಕ್ಕೆ ಕೆಜಿಎಫ್ ಕಡೆ ಬಳಕೆಯಲ್ಲಿದ್ದ ಪದ ಗೊತ್ತಿದ್ದವರು ದಯವಿಟ್ಟು ತಿಳಿಸಿ. ನಿಘಂಟಿನ ಪದ ಬೇಡ.