ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣ ಎರಡು ಮಟ್ಟದಲ್ಲಿ ಇರುವುದೇಕೆ?

ಪ್ರಶ್ನೆ: ಮುಂಬೈಯ ಈ ನಿಲ್ದಾಣದಲ್ಲಿ ಮೇಲೊಂದು, ಕೆಳಗೊಂದು ಮಾರ್ಗ ಯಾಕೆ? ಕಲ್ಯಾಣದ ಕಡೆಯಿಂದ ಬಂದರೆ ಹಾರ್ಬರ್ (ಬಂದರು ಬದಿಯ ಲೋಕಲ್ ಮಾರ್ಗ) ಗಾಡಿ ಇಲ್ಲಿ ಹಿಡಿಯಬಹುದೇ?

ಉತ್ತರ 1: ಎರಡೂ ಮಾರ್ಗ ಹೊರಡುವ ಸಿಎಸ್‌ಎಂಟಿಯಲ್ಲಿ (ಹಿಂದಿನ ವಿಟಿ) ಹಾರ್ಬರ್ ಪ್ಲಾಟ್‌ಫಾರ್ಮ್‌ಗಳು ಪಶ್ಚಿಮಕ್ಕಿವೆ, ಆ ಮಾರ್ಗ ಮುಂದೆ ಹೋಗುವ ಡಾಕ್‌ಯಾರ್ಡ್ ರೋಡ್ ನಿಲ್ದಾಣ ಪೂರ್ವಕ್ಕೆ. ನಡುವೆ ಕಲ್ಯಾಣದ ಕಡೆಯ ಮುಖ್ಯ ಮಾರ್ಗ ಅಡ್ಡ. ಅದೇ ಮಟ್ಟದಲ್ಲಿ ದಾಟಿಸಿದರೆ ಒಂದು ಗಾಡಿಗಾಗಿ ಉಳಿದವೆಲ್ಲ ಸಿಗ್ನಲ್‌ನಲ್ಲಿ ನಿಲ್ಲಬೇಕು. ಹಾಗಾಗಿ ಮಸ್ಜಿದ್ ನಿಲ್ದಾಣ ದಾಟಿದ ಮೇಲೆ ಹಾರ್ಬರ್ ಹಳಿಯನ್ನೇ ಎತ್ತರಿಸಿ ಮೇಲಿಂದ ಹಾಯಿಸಿದ್ದಾರೆ. ಅಚ್ಚುಕಟ್ಟಾದ ಕೆಲಸ!

ಉತ್ತರ 2: ಮೇಲಿನ ಮಾರ್ಗದ ಬಗ್ಗೆ ಇನ್ನೊಂದು ಮಾತು: 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ವಿಟಿಯಿಂದ ಕುರ್ಲಾಕ್ಕೆ ಓಡಿದ್ದು ಈ ಹಾರ್ಬರ್ ಮಾರ್ಗದಲ್ಲೇ, 1500 ವೋಲ್ಟ್ ಡಿಸಿಯಲ್ಲಿ. ಈಗ 25,000 ವೋಲ್ಟ್ ಎಸಿ. ಅಷ್ಟೇ ಶಕ್ತಿಗೆ ಕರೆಂಟ್ ಸುಮಾರು 17ರಲ್ಲಿ ಒಂದು ಪಾಲು ಸಾಕು.

ಉತ್ತರ 3: ಹಿಡಿಯಬಹುದು, ಆದರೆ ಸ್ಲೋ ಲೋಕಲ್‌ನಲ್ಲೇ ಬನ್ನಿ, ಫಾಸ್ಟ್ ಇಲ್ಲಿ ನಿಲ್ಲದು. ಇಳಿದು ಮೆಟ್ಟಿಲು ಹತ್ತಿ. ಭಾರದ ಸಾಮಾನಿದ್ದರೆ ಕುರ್ಲಾದಲ್ಲೇ ಬದಲಿಸಿ.