ಚಿನ್ನಿಯ ಒದ್ದೆ ಹಾಸಿಗೆ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮುಂಬೈಯ ಮುಲುಂಡ್‌ನ ಓದುಗಿಯೊಬ್ಬರು ತಮ್ಮ ನಾಯಿ ಚಿನ್ನಿಯ ಬಗ್ಗೆ ಬರೆದಿದ್ದರು. ಚಿನ್ನಿಗೆ ಈಗ 13 ವರ್ಷ. ಮರಿಯಿದ್ದಾಗ ಬೀದಿಯಿಂದ ತಂದದ್ದು. ಮರಿ ಹಾಕದ ಹಾಗೆ ಆಪರೇಷನ್ ಆಗಿದೆ. ಇಷ್ಟು ವರ್ಷ ಮನೆಯೊಳಗೆ ಒಂದು ಹನಿ ಗಲೀಜು ಮಾಡದವಳು ಈ ಮಳೆಗಾಲದಿಂದ ಮಲಗಿದಲ್ಲೇ ಒದ್ದೆ ಮಾಡುತ್ತಿದ್ದಾಳೆ. ಕೆಲವು ರಾತ್ರಿ ಎದ್ದು ಬಂದು ಹಾಲ್‌ನಲ್ಲೇ ಮೂತ್ರಕ್ಕೆ ಕೂತುಬಿಡುತ್ತಾಳೆ. ಒಮ್ಮೆ ಲಿಫ್ಟಿನಲ್ಲೂ ಆಗಿ ಹೌಸಿಂಗ್ ಸೊಸೈಟಿಯಲ್ಲಿ ಮಾತು ಬಂದಿದೆ. ಐದನೇ ಮಹಡಿಯಲ್ಲಿ ಒಂದೇ ಬೆಡ್‌ರೂಮಿನ ಮನೆ, ಅತ್ತೆಗೆ ಮಡಿಯ ಚಿಂತೆ, ಗಂಡನಿಗೆ ನಿದ್ದೆಯಿಲ್ಲ. "ಬೈದರೂ ಕೇಳುತ್ತಿಲ್ಲ. ಬೇಕೆಂದೇ ಮಾಡುತ್ತಿದ್ದಾಳಾ?" ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಕುರ್ಲಾದ ಹಿರಿಯ ಓದುಗಿ

ತಂಗಿ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೈದರೂ ಕೇಳುತ್ತಿಲ್ಲ ಅಂತ ಬರೆದಿದ್ದೀಯಲ್ಲ, ನಾನೂ ಬೈದವಳೇ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಟೈಗರ್ ಅಂತ ಇದ್ದ. 2005ರ ಜುಲೈ 26ರ ಮಳೆ ನಿನಗೆ ನೆನಪಿರಬಹುದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದ ಮಳೆ. ನಮ್ಮ ಬಿಲ್ಡಿಂಗಿನ ಕೆಳಗಿನ ಮೆಟ್ಟಿಲೆಲ್ಲ ನೀರಿನಲ್ಲಿ. ಕರೆಂಟಿಲ್ಲ, ಯಜಮಾನರು ಆಫೀಸಿನಲ್ಲೇ ಸಿಕ್ಕಿಬಿದ್ದಿದ್ದರು. ಟೈಗರ್ ಮಧ್ಯಾಹ್ನದಿಂದ ಮರುದಿನ ಬೆಳಗಿನ ತನಕ ಬಾಗಿಲ ಹತ್ತಿರ ನಡುಗುತ್ತಾ ನಿಂತಿದ್ದ. "ಮಾಡೋ ಮಗನೇ, ಇವತ್ತು ಪರವಾಗಿಲ್ಲ" ಅಂತ ಬಚ್ಚಲಿಗೆ ಕರೆದುಕೊಂಡು ಹೋದರೂ ಮಾಡಲಿಲ್ಲ. ಅಂಥವನು 13 ತುಂಬಿದ ಮೇಲೆ ಒಂದು ದಿನ ಅಡುಗೆಮನೆ ಬಾಗಿಲಲ್ಲೇ ಮಾಡಿದ. ನಾನು ಪೇಪರ್ ಸುತ್ತಿ ಹೊಡೆದೆ. ಆಮೇಲೆ ಏನಾಯಿತು ಗೊತ್ತಾ? ಅವನು ನನ್ನನ್ನು ಕಂಡರೆ ಸೋಫಾದ ಹಿಂದೆ ಹೋಗಿ, ಅಲ್ಲೇ ಮಾಡಲು ಶುರುಮಾಡಿದ. ಹೊಡೆತದಿಂದ ಅವನು ಕಲಿತದ್ದು ಅಡಗಿಕೊಳ್ಳುವುದನ್ನು ಮಾತ್ರ.

ಮೊದಲು ತೋರಿಸಿದ ಡಾಕ್ಟರು "ವಯಸ್ಸಾಯ್ತು, ಇನ್ನೇನು ಮಾಡೋಕಾಗುತ್ತೆ" ಅಂತ ಕಳಿಸಿಬಿಟ್ಟರು. ಎರಡನೆಯವರು ನೆಲದ ಮೇಲೆ ಕೂತು ಅವನ ಹಿಂಗಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದರು. ಟೈಗರ್ ಥಟ್ಟನೆ ತಿರುಗಿ ಅವರ ಕೈಯನ್ನು ನೆಕ್ಕತೊಡಗಿದ. ಪ್ರೀತಿಗೆ ಅಂದುಕೊಂಡೆ. "ನೋಯ್ತಾ ಇದೆ, ಸಾಕು ಬಿಡು ಅಂತ ಹೇಳ್ತಾ ಇದ್ದಾನೆ" ಅಂದರು ಅವರು. ಸೊಂಟದ ಕೀಲು ಸವೆದಿತ್ತು. ಹೊರಗೆ ಹೋಗಬೇಕು ಅಂತ ಅವನಿಗೆ ಗೊತ್ತಿತ್ತು, ತಂಗಿ. ಎದ್ದು ನಿಲ್ಲುವಷ್ಟರಲ್ಲಿ ಹೊತ್ತು ಮೀರಿಹೋಗುತ್ತಿತ್ತು. ನಮ್ಮ ಮನೆಯ ಟೈಲ್ಸ್ ಬೇರೆ ಗಾಜಿನ ಹಾಗೆ, ಕಾಲು ಊರಿದರೆ ಜಾರುತ್ತಿತ್ತು.

ಡಾಕ್ಟರು ನೋವಿಗೆ ಔಷಧಿ ಕೊಟ್ಟರು. ಉಳಿದದ್ದು ನಾವೇ ಮಾಡಿಕೊಂಡೆವು. ಅವನು ಮಲಗುವ ಜಾಗದಿಂದ ಬಾಗಿಲ ತನಕ ರಬ್ಬರ್ ತಳದ ಮ್ಯಾಟ್‌ಗಳನ್ನು ಸಾಲಾಗಿ ಹಾಸಿದೆವು. ಪಾದದ ಅಡಿಯಲ್ಲಿ ಬೆಳೆದ ಕೂದಲು, ಉದ್ದ ಬೆಳೆದ ಉಗುರು ಕತ್ತರಿಸಿದೆವು. ಹಾಲ್‌ನಲ್ಲಿ ಜೀರೋ ಬಲ್ಬ್ ಹಾಕಿಟ್ಟೆವು, ಮುದಿ ಕಣ್ಣಿಗೆ ಕತ್ತಲು ಜಾಸ್ತಿ. ಹಳೆ ಟವೆಲನ್ನು ಹೊಟ್ಟೆಯ ಕೆಳಗೆ ತೂರಿಸಿ ಎರಡೂ ತುದಿ ಹಿಡಿದು ಸೊಂಟ ಎತ್ತಿದರೆ ಅವನಿಗೆ ಏಳುವುದು ಸುಲಭ. ಎದ್ದ ಕೂಡಲೇ, ಊಟವಾದ ಕೂಡಲೇ, ಮಲಗುವ ಮುಂಚೆ, ಮತ್ತೆ ರಾತ್ರಿ 2 ಗಂಟೆಗೆ ಒಮ್ಮೆ ಹೊರಗೆ. ಅವನು ಕೇಳುವ ತನಕ ಕಾಯಬಾರದು. 2 ಗಂಟೆಯ ಸರದಿ ನನ್ನದು ಒಂದು ದಿನ, ಮಗನದು ಒಂದು ದಿನ.

ನಿನ್ನದು ಐದನೇ ಮಹಡಿ. ಲಿಫ್ಟ್ ಮೇಲೆ ಬರುವ ತನಕ ಮುದಿ ಜೀವಕ್ಕೆ ತಡೆಯಲು ಆಗುವುದಿಲ್ಲ. ಬಾಲ್ಕನಿಯಲ್ಲೋ ಬಚ್ಚಲಲ್ಲೋ ಅಗಲದ ಒಂದು ಟ್ರೇ ಇಟ್ಟು, ಅವಳು ದಿನಾ ಕೂರುವ ಜಾಗದ ಮಣ್ಣನ್ನೇ ನಾಲ್ಕು ಬೊಗಸೆ ತಂದು ಹಾಕು. ಆ ವಾಸನೆ ಅವಳಿಗೆ ದಾರಿ ತೋರಿಸುತ್ತದೆ. ಅಲ್ಲಿ ಮಾಡಿದರೆ ಕೂಡಲೇ ಒಂದು ತುಂಡು ಬಿಸ್ಕತ್ತು ಕೊಡು. ಮರಿಗೆ ಕಲಿಸಿದ ಹಾಗೆಯೇ, ಇನ್ನೊಮ್ಮೆ.

ಟೈಗರ್ ಆಮೇಲೆ ಒಂದೂವರೆ ವರ್ಷ ಇದ್ದ. ಕೊನೆಕೊನೆಗೆ ಸೋಫಾದ ಹಿಂದಿನಿಂದ ಈಚೆ ಬಂದು ನನ್ನ ಕಾಲ ಹತ್ತಿರವೇ ಮಲಗುತ್ತಿದ್ದ.

ಪುಣೆಯ ಪಶುವೈದ್ಯರು

ಮೇಡಂ, ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ನಿದ್ದೆಯಲ್ಲಿ ಗೊತ್ತೇ ಆಗದೆ ಸೋರುವುದು ಒಂದು. ಎಚ್ಚರವಿದ್ದು, ಎದ್ದು ಬಂದು ಹಾಲ್‌ನಲ್ಲಿ ಕೂರುವುದು ಇನ್ನೊಂದು. ಡಾಕ್ಟರ ಹತ್ತಿರ ಹೋದಾಗ ಎರಡನ್ನೂ ಬಿಡಿಸಿ ಹೇಳಿ. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಿ.

ಆಪರೇಷನ್ ಆದ ಹೆಣ್ಣು ನಾಯಿಗಳಲ್ಲಿ ಎಷ್ಟೋ ವರ್ಷಗಳ ಮೇಲೆ ಮೂತ್ರದ ದಾರಿಯನ್ನು ಬಿಗಿಯಾಗಿ ಹಿಡಿಯುವ ಸ್ನಾಯು ಸಡಿಲವಾಗುವುದುಂಟು. ಹಾರ್ಮೋನು ಕಡಿಮೆಯಾಗುವುದು ಅದಕ್ಕೆ ಒಂದು ಕಾರಣ. ಎಚ್ಚರವಿದ್ದಾಗ ಸರಿಯಾಗೇ ಇರುತ್ತಾರೆ, ಮೈ ಸಡಿಲ ಬಿಟ್ಟು ಮಲಗಿದಾಗ ಹಾಸಿಗೆ ಒದ್ದೆ. ಇದಕ್ಕೆ ಮಾತ್ರೆ ಇದೆ, ಬಹಳಷ್ಟು ನಾಯಿಗಳಿಗೆ ಒಳ್ಳೆಯ ಗುಣ ಕಾಣುತ್ತದೆ. ಹಾಗಾಗಿ "ವಯಸ್ಸು" ಅಂತ ಕೈಬಿಡಬೇಡಿ.

ಎದ್ದು ಬಂದು ಮಾಡುವುದಕ್ಕೆ ಕಾರಣ ಹಲವು. ಸ್ವಲ್ಪ ಸ್ವಲ್ಪವೇ ಪದೇ ಪದೇ ಮಾಡುತ್ತಾ, ಆ ಜಾಗವನ್ನು ನೆಕ್ಕಿಕೊಳ್ಳುತ್ತಿದ್ದರೆ ಮೂತ್ರದ ಸೋಂಕು ಇರಬಹುದು. ಹೆಚ್ಚು ನೀರು ಕುಡಿದು ಹೆಚ್ಚು ಮಾಡುತ್ತಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆ ಅಥವಾ ಕುಶಿಂಗ್ಸ್ ಎನ್ನುವ ಹಾರ್ಮೋನಿನ ಕಾಯಿಲೆ. ಇದನ್ನು ನೀವು ಮನೆಯಲ್ಲೇ ಅಂದಾಜು ಮಾಡಬಹುದು. ಬೆಳಿಗ್ಗೆ ಬಾಟಲಿಯಿಂದ ಅಳೆದು ನೀರಿಡಿ. ದಿನದಲ್ಲಿ ಎಷ್ಟು ಸಲ ಹಾಕಿದಿರಿ ಬರೆದಿಡಿ. ಮರುದಿನ ಬೆಳಿಗ್ಗೆ ಉಳಿದದ್ದನ್ನು ಅಳೆದು ಕಳೆಯಿರಿ. ತೂಕದ ಪ್ರತಿ ಕಿಲೋಗೆ ದಿನಕ್ಕೆ 100 ಮಿಲಿಲೀಟರ್ ದಾಟಿದರೆ, ಅಂದರೆ 15 ಕಿಲೋದ ನಾಯಿ ಒಂದೂವರೆ ಲೀಟರಿಗಿಂತ ಜಾಸ್ತಿ ಕುಡಿದರೆ, ಒಳಗೆ ಏನೋ ಇದೆ ಎಂದೇ ಲೆಕ್ಕ. ಮೂರು ದಿನ ಹೀಗೆ ಬರೆದಿಟ್ಟ ಚೀಟಿ ತಂದರೆ ನಮಗೆ ಅರ್ಧ ಕೆಲಸ ಆದ ಹಾಗೆ.

ಜೊತೆಗೆ ಬೆಳಗಿನ ಮೊದಲ ಮೂತ್ರ ಬೇಕು. ಬಿಸಿನೀರಲ್ಲಿ ತೊಳೆದು ಒಣಗಿಸಿದ ಉದ್ದ ಹಿಡಿಯ ಹಳೆ ಸೌಟನ್ನು, ಅವಳು ಕೂತ ಮೇಲೆ ಹಿಂದಿನಿಂದ ಮೆಲ್ಲಗೆ ಒಡ್ಡಿ. ಮೊದಲೇ ಒಡ್ಡಿದರೆ ಹೆದರಿ ಎದ್ದುಬಿಡುತ್ತಾಳೆ. ಎರಡು ಗಂಟೆಯೊಳಗೆ ತಲುಪಿಸಲು ಆಗದಿದ್ದರೆ ಡಬ್ಬಿ ಮುಚ್ಚಿ ಫ್ರಿಜ್ಜಿನಲ್ಲಿಡಿ.

ಮಳೆಗಾಲದಲ್ಲಿ ಚರ್ಮದ ತುರಿಕೆಗೆ ಮಾತ್ರೆ ಕೊಡುತ್ತಿದ್ದೇವೆ ಅಂತ ಒಂದು ಸಾಲು ಬರೆದಿದ್ದೀರಿ. ನನಗೆ ಆ ಸಾಲು ಮುಖ್ಯ ಅನಿಸಿತು. ಅದು ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಆಗಿದ್ದರೆ ಬಾಯಾರಿಕೆ, ಮೂತ್ರ ಎರಡೂ ಹೆಚ್ಚುತ್ತವೆ. ಒದ್ದೆ ಶುರುವಾದದ್ದೂ ಇದೇ ಮಳೆಗಾಲದಲ್ಲಿ, ಅಲ್ವಾ? ಆದರೆ ನೀವಾಗಿ ಥಟ್ಟನೆ ನಿಲ್ಲಿಸಬೇಡಿ, ಅಪಾಯ. ಮಾತ್ರೆಯ ಸ್ಟ್ರಿಪ್ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಇನ್ನೆರಡು ಮಾತು, ದಯವಿಟ್ಟು. ರಾತ್ರಿ ಮಾಡಬಾರದು ಅಂತ ನೀರು ಕಡಿಮೆ ಮಾಡಬೇಡಿ. ಕಿಡ್ನಿಯ ತೊಂದರೆ ಇದ್ದರೆ ಅದು ಇನ್ನೂ ಕೆಡುತ್ತದೆ. ಕಾಲುನೋವು ಅಂತ ಮನೆಯಲ್ಲಿರುವ ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೊಡಬೇಡಿ. ನಮ್ಮ ನೋವಿನ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಯನ್ನೇ ಹಾಳು ಮಾಡುತ್ತದೆ. ಖರ್ಚಿನ ಯೋಚನೆಯಿದ್ದರೆ ಪರೇಲ್‌ನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯಲ್ಲೂ ವಿಚಾರಿಸಿ. ಬ್ರಿಟಿಷರ ಕಾಲದಿಂದ ನಡೆದುಬಂದ ಆಸ್ಪತ್ರೆ ಅದು.

ಮಾಟುಂಗಾದ ಹೋಟೆಲ್ ಮಾಲೀಕರು

ಅಕ್ಕಾ, ನಾಯಿಯ ವೈದ್ಯ ನನಗೆ ಗೊತ್ತಿಲ್ಲ. ನೆಲ ಒರೆಸುವುದು ಗೊತ್ತು. ಮೊದಲು ಪೇಪರ್ ಒತ್ತಿ ಪೂರ್ತಿ ಹೀರಿಸಿ, ತಣ್ಣೀರಲ್ಲಿ ಒರೆಸಿ. ಆಮೇಲೆ ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ಟೈಲ್ಸ್ ಆದರೆ ಸರಿ, ಮಾರ್ಬಲ್ ಆದರೆ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ಮೂತ್ರದ ವಾಸನೆಯನ್ನು ಬುಡದಿಂದಲೇ ತೆಗೆಯುವ ಎನ್‌ಝೈಮ್ ಇರುವ ಕ್ಲೀನರ್ ಸಿಕ್ಕರೆ ಅದು ಎಲ್ಲಕ್ಕಿಂತ ಒಳ್ಳೆಯದು, ಹತ್ತು ಹದಿನೈದು ನಿಮಿಷ ನೆನೆಯಲು ಬಿಡಿ. ಅಮೋನಿಯಾ ಇರುವ ಲಿಕ್ವಿಡ್ ಹಾಕಬೇಡಿ, ಅದರ ವಾಸನೆ ನಾಯಿಗೆ ಮೂತ್ರದ ಹಾಗೇ ಬರುತ್ತದೆ, ಮತ್ತೆ ಅಲ್ಲೇ ಕೂರುತ್ತದೆ. ಬ್ಲೀಚನ್ನು ವಿನೆಗರ್ ಜೊತೆ ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ಸೊಸೈಟಿ ವಿಷಯ. ನಾನೂ ಐದು ವರ್ಷ ಸೆಕ್ರೆಟರಿ ಆಗಿದ್ದವನು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೂಚನೆ ಕೊಟ್ಟಿದೆ. ಸಾಕುಪ್ರಾಣಿಯನ್ನು ಇಟ್ಟುಕೊಳ್ಳಬೇಡಿ ಅನ್ನಲು, ಲಿಫ್ಟಿಗೆ ತರಬೇಡಿ ಅನ್ನಲು ಸೊಸೈಟಿಗೆ ಹಕ್ಕಿಲ್ಲ. ಆದರೆ ಲಿಫ್ಟಿಗೆ ಹೋಗುವಾಗ ಒಂದು ಬಟ್ಟೆ, ಒಂದು ಸ್ಪ್ರೇ ಬಾಟಲಿ ಕೈಯಲ್ಲಿರಲಿ. ಆದ ಕೂಡಲೇ ನೀವೇ ಒರೆಸುವುದನ್ನು ಎರಡು ಸಲ ಕಂಡರೆ ವಾಚ್‌ಮನ್ನೂ ನಿಮ್ಮ ಪರ ಮಾತಾಡುತ್ತಾನೆ.

ವಾಸ್ಕೋದ ಓದುಗಿ

ನಾವು ಹಾವೇರಿ ಕಡೆಯವರು, ಗೋವಾಕ್ಕೆ ಬಂದು 22 ವರ್ಷ. ನಮ್ಮ ರಾಜಾನಿಗೆ 14 ಆದಾಗ ಹೀಗೇ ಆಯಿತು. ಅವನನ್ನು ಹೊರಗೆ ಕರೆದುಕೊಂಡು ಹೋದರೆ ಸುಮ್ನೆ ನಿಲ್ಲುತ್ತಿದ್ದ. ಒಳಗೆ ಬಂದ ಮೇಲೆ ಮಾಡುತ್ತಿದ್ದ. ರಾತ್ರಿಯೆಲ್ಲ ಓಡಾಟ, ಹಗಲೆಲ್ಲ ನಿದ್ದೆ. ಒಂದು ದಿನ ನೋಡುತ್ತೇನೆ, ಬಾಗಿಲು ತೆರೆಯುವ ಕಡೆ ಬಿಟ್ಟು ತಿರುಗಣಿಯ ಕಡೆ ಮೂತಿ ಇಟ್ಟು ಕಾಯುತ್ತಾ ನಿಂತಿದ್ದ. ದಿನಾ ಹೋಗಿ ಬಂದ ಬಾಗಿಲು ಅದು. ನನಗೆ ಕರುಳು ಚುರುಕ್ ಅಂತು. ನಮ್ಮಮ್ಮನೂ ಕೊನೆಗಾಲದಲ್ಲಿ ಬಚ್ಚಲಿನ ದಾರಿ ಕಾಣದೆ ಕಪಾಟಿನ ಬಾಗಿಲು ತೆಗೆದು ನಿಲ್ಲುತ್ತಿದ್ದಳು.

ಡಾಕ್ಟರು ಮೊದಲು ರಕ್ತ, ಮೂತ್ರ ಎಲ್ಲ ನೋಡಿದರು. ಅದರಲ್ಲಿ ಏನೂ ಸಿಗದಿದ್ದ ಮೇಲೆ, ಮನುಷ್ಯರ ಮರೆವಿನ ಕಾಯಿಲೆಯಂಥದೇ ನಾಯಿಗೂ ಬರುತ್ತದೆ ಅಂದರು. ಸೆಲೆಜಿಲಿನ್ ಅನ್ನುವ ಮಾತ್ರೆ ಕೊಟ್ಟರು. ಮನುಷ್ಯರಿಗೆ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಮಾತ್ರೆಯೇ ಅದು. ಬೇರೆ ಔಷಧಿಗಳ ಜೊತೆ ಹೊಂದುವುದಿಲ್ಲವಂತೆ, ಹಾಗಾಗಿ ಕೇಳದೆ ಕೊಡುವ ಹಾಗಿಲ್ಲ. ಪೂರ್ತಿ ಗುಣವಾಗಲಿಲ್ಲ. ರಾತ್ರಿಯ ಓಡಾಟ ಮಾತ್ರ ಕಡಿಮೆಯಾಯಿತು. ನಾವು ಮನೆಯ ಸಾಮಾನು ಒಂದನ್ನೂ ಜಾಗ ಬದಲಿಸಲಿಲ್ಲ. ಹಗಲು ಬಿಸಿಲಲ್ಲಿ ಸಣ್ಣ ಸಣ್ಣ ಸುತ್ತು ಹಾಕಿಸಿ, ಎಚ್ಚರವಾಗಿರುವಂತೆ ನೋಡಿಕೊಂಡೆವು. ಚಿನ್ನಿ ಮೂಲೆಯಲ್ಲಿ ಸಿಕ್ಕಿಕೊಂಡು ಹಿಂದೆ ಬರಲು ತಿಳಿಯದೆ ನಿಲ್ಲುತ್ತಾಳಾ, ಗೋಡೆ ನೋಡುತ್ತಾ ಕೂರುತ್ತಾಳಾ ಗಮನಿಸಿ, ಡಾಕ್ಟರಿಗೆ ಹೇಳಿ.

ಡೊಂಬಿವ್ಲಿಯ ಅಜ್ಜಿ

ಮಗಳೇ, ಈ ಕಾಗದವನ್ನು ನಿಮ್ಮ ಅತ್ತೆಗೆ ಓದಿ ಹೇಳಿ.

ಅಮ್ಮಾ, ನನಗೆ 76. ನನಗೂ ಮಡಿ ಇದೆ, ನನ್ನ ಮಗನ ಮನೆಯಲ್ಲೂ ಮುದಿ ನಾಯಿ ಇತ್ತು. ದೇವರ ಮಂಟಪದ ಸುತ್ತ ಮೊಣಕಾಲೆತ್ತರದ ಒಂದು ಅಡ್ಡಗೇಟು ಹಾಕಿಸಿಕೊಂಡೆ. ಅದರ ಒಳಗೆ ನನ್ನ ಮಡಿ, ಹೊರಗೆ ಅದರ ಹಾಸಿಗೆ. ನನಗೂ ರಾತ್ರಿ ಎರಡು ಸಲ ಏಳಬೇಕಾಗುತ್ತದೆ. ಒಂದೊಂದು ದಿನ ಬಚ್ಚಲು ಮುಟ್ಟುವ ತನಕ ತಡೆಯುವುದಿಲ್ಲ. ಸೊಸೆ ಒಂದು ಮಾತೂ ಆಡದೆ ಸೀರೆ ನೆನೆಹಾಕುತ್ತಾಳೆ. ನಮ್ಮ ವಯಸ್ಸಿನವರಿಗಲ್ಲದೆ ಇದರ ಸಂಕಟ ಬೇರೆ ಯಾರಿಗೆ ಗೊತ್ತಾಗಬೇಕು ಹೇಳಿ?

ಮಗಳೇ, ರಾತ್ರಿಗೆ ಡೈಪರ್ ಹಾಕುವುದಾದರೆ ಬಾಲಕ್ಕೆ ತೂತು ಇರುವುದನ್ನೇ ತಾ. ಒದ್ದೆಯಾದ ಕೂಡಲೇ ಬದಲಿಸು. ಹಗಲು ಬಿಚ್ಚಿಡು, ಗಾಳಿ ಆಡಲಿ. ಪ್ರತಿ ಸಲ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸು. ಇಲ್ಲದಿದ್ದರೆ ತೊಡೆಯ ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ. ಕೂಸುಗಳಿಗೆ ಹಚ್ಚುವ ಜಿಂಕ್ ಇರುವ ಕ್ರೀಮ್ ಬೇಡ, ನೆಕ್ಕಿದರೆ ನಾಯಿಗೆ ವಿಷ.

ಭಾಂಡುಪ್‌ನ ಓದುಗ

ನಾವು ನಿಮಗೆ ಹತ್ತಿರದವರೇ. ನಮ್ಮ ಜೂಲಿ ಮಾರ್ಚ್‌ನಲ್ಲಿ ಹೋದಳು. ಅವಳಿಗೆ ತಂದಿದ್ದ ಹೀರುವ ಪ್ಯಾಡ್‌ಗಳು ಎರಡು ಪ್ಯಾಕೆಟ್ ಹಾಗೇ ಉಳಿದಿವೆ. ನೀರು ಒಳಗಿಳಿಯದ ಹಾಸಿಗೆ ಕವರ್ ಕೂಡ ಇದೆ, ಒಗೆದು ಮಡಿಸಿಟ್ಟಿದ್ದೇವೆ. ಬಿಸಾಡಲು ಮನಸ್ಸು ಬರಲಿಲ್ಲ. ನಮ್ಮ ವಿಳಾಸ ಸಂಪಾದಕರ ಹತ್ತಿರ ಇದೆ. ಭಾನುವಾರ ಬನ್ನಿ, ಆದರೆ ಚಿನ್ನಿಯನ್ನೂ ಕರೆತನ್ನಿ. ಲಿಫ್ಟ್ ಬೇಡ, ನಮ್ಮದು ನೆಲಮಾಳಿಗೆಯ ಮೇಲಿನ ಮೊದಲ ಮನೆ, ನಾಲ್ಕೇ ಮೆಟ್ಟಿಲು.