‘ಹಲ್ಲುನೋವಿನ ಪಾಲಕಿ’: ಈ ಷಷ್ಠಿಯನ್ನು ಏನು ಮಾಡೋಣ?

‘ಸಂತ ಅಪೊಲೋನಿಯಾ ಹಲ್ಲುನೋವಿನ ಪಾಲಕಿ.’ ಕ್ರೈಸ್ತ ಸಂತರ ಕುರಿತ ಕನ್ನಡ ಬರಹಗಳಲ್ಲಿ ಇಂಥ ವಾಕ್ಯಗಳು ಬರುತ್ತಿರುತ್ತವೆ. ‘ಹಲ್ಲುನೋವಿನ’ ಎಂಬ ಷಷ್ಠಿ ವಿಭಕ್ತಿಯಲ್ಲಿ ವ್ಯಾಕರಣದೋಷವಿಲ್ಲ. ಆದರೆ ಓದಿದವರಿಗೆ ಆಕೆ ಹಲ್ಲುನೋವನ್ನೇ ಸಾಕಿ ಸಲಹುತ್ತಿದ್ದಾರೇನೋ ಅನ್ನಿಸುತ್ತದೆ. ‘ಕಳೆದುಹೋದ ವಸ್ತುಗಳ ಪಾಲಕ ಸಂತ ಅಂತೋಣಿ’ ಎಂದಾಗಲೂ ಅಷ್ಟೇ, ರೈಲು ನಿಲ್ದಾಣದಲ್ಲಿ ಮರೆತುಹೋದ ಸಾಮಾನು ಕಾಯುವ ಗುಮಾಸ್ತರಂತೆ ಕಾಣುತ್ತಾರೆ.

‘ಪಾಲಕ’ ಪದದ ಬಗ್ಗೆ ನನ್ನ ತಕರಾರಿಲ್ಲ. ಒಂದು ಕಸುಬಿನವರೋ ಸಂಕಟದಲ್ಲಿರುವವರೋ ತಮ್ಮವರೆಂದು ನೆಚ್ಚಿಕೊಂಡ ಸಂತರಿಗೆ ಚರ್ಚಿನ ಕನ್ನಡದಲ್ಲಿ ‘ಪಾಲಕ ಸಂತ’ (ಇಂಗ್ಲಿಷಿನ ‘ಪೇಟ್ರನ್ ಸೇಂಟ್’) ಎಂಬುದು ನೆಲೆಯೂರಿದ ಮಾತು. ಕೆಲವರು ಬಳಸುವ ‘ಅಧಿದೇವತೆ’ ಮಾತ್ರ ಕೂಡದು. ಸಂತರು ದೇವತೆಗಳಲ್ಲ, ಆರಾಧನೆ ದೇವರೊಬ್ಬನಿಗೇ ಸಲ್ಲತಕ್ಕದ್ದು ಎಂಬುದು ಚರ್ಚಿನ ಹಳೆಯ ನಿಲುವು. ಸಂತರ ಬಳಿ ಕೇಳುವುದು ವರವನ್ನಲ್ಲ, ‘ನಮಗಾಗಿ ಪ್ರಾರ್ಥಿಸಿರಿ’ ಎಂದು. ಮೂಲದ ಲ್ಯಾಟಿನ್ ‘ಪಾಟ್ರೊನುಸ್’ ಕೂಡ ಇದಕ್ಕೆ ಹೊಂದುತ್ತದೆ: ರೋಮನ್ನರಲ್ಲಿ ಆಶ್ರಿತರನ್ನು ಕಾಯುವವನು, ನ್ಯಾಯಸ್ಥಾನದಲ್ಲಿ ಅವರ ಪರವಾಗಿ ಮಾತನಾಡುವವನು. ವಕಾಲತ್ತು ವಹಿಸುವವನು ಎಂದರೂ ನಡೆದೀತು. ಇನ್ನು ‘ಪೋಷಕ ಸಂತ’ ಎಂದರೆ ಆಹ್ವಾನಪತ್ರಿಕೆಯ ‘ಮಹಾಪೋಷಕರು’ ನೆನಪಾಗಿ ದೇಣಿಗೆಯ ವಾಸನೆ ಬರುತ್ತದೆ.

ಹಾಗಾದರೆ ಅಪೊಲೋನಿಯಾರಿಗೆ ಹಲ್ಲುನೋವು ಗಂಟುಬಿದ್ದದ್ದು ಹೇಗೆ? ಕ್ರಿ.ಶ. 249ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕ್ರೈಸ್ತರ ಮೇಲೆ ದೊಂಬಿ ಎದ್ದಾಗ ಜನ ಆಕೆಯ ದವಡೆಗೆ ಹೊಡೆದು ಹಲ್ಲುಗಳನ್ನೆಲ್ಲ ಉದುರಿಸಿದರು. ಮುಂದೆ ಚಿತ್ರಕಾರರು ಆಕೆಯ ಕೈಗೆ ಇಕ್ಕಳ ಕೊಟ್ಟು, ಅದರ ತುದಿಗೆ ಒಂದು ಹಲ್ಲನ್ನು ಸಿಕ್ಕಿಸಿದರು. ಅಕ್ಷರ ಬಾರದವರು ಸಂತರನ್ನು ಗುರುತಿಸುತ್ತಿದ್ದದ್ದೇ ಕೈಯಲ್ಲಿನ ವಸ್ತುವಿನಿಂದ. ಹಲ್ಲುನೋವಿನವರು ಆ ಚಿತ್ರ ನೋಡಿದರು, ಈಕೆ ನಮ್ಮವಳು ಎಂದರು. ಕಬ್ಬಿಣದ ಜಾಲರಿಯ ಮೇಲೆ ಸುಟ್ಟು ಕೊಂದರೆಂದು ಕಥೆಯಿರುವ ಸಂತ ಲಾರೆನ್ಸರನ್ನು ಅಡುಗೆಯವರೂ, ಚರ್ಮ ಸುಲಿಸಿಕೊಂಡ ಬಾರ್ತಲೋಮಿಯವರನ್ನು ಚರ್ಮ ಹದಮಾಡುವವರೂ ತಮ್ಮವರನ್ನಾಗಿ ಮಾಡಿಕೊಂಡಿದ್ದು ಹೀಗೆಯೇ. ಕೊಂದ ಸಾಧನವೇ ಕಸುಬಿನ ಗುರುತಾಯಿತು. ಇದರಲ್ಲಿ ಒಂದಿಷ್ಟು ಕ್ರೂರ ಹಾಸ್ಯವೂ ಇದೆ ಎಂದು ನನಗನ್ನಿಸುತ್ತದೆ.

ಸಂತ ಬಾರ್ಬರಾರದು ಇನ್ನೂ ಸುತ್ತುದಾರಿ. ಮಗಳ ತಲೆ ಕಡಿದ ತಂದೆಗೆ ಸಿಡಿಲು ಬಡಿಯಿತೆಂದು ಐತಿಹ್ಯ. ಸಿಡಿಲಿನಿಂದ ಸಿಡಿಮದ್ದು, ಸಿಡಿಮದ್ದಿನಿಂದ ಫಿರಂಗಿಯವರು, ಗಣಿಯವರು. 1969ರಲ್ಲಿ ಚರ್ಚು ತನ್ನ ಸಾರ್ವತ್ರಿಕ ಹಬ್ಬಗಳ ಪಟ್ಟಿಯಿಂದ ಆಕೆಯ ಹೆಸರನ್ನು ತೆಗೆಯಿತು, ಗಣಿಯವರು ಬಿಡಲಿಲ್ಲ.

ನಮ್ಮಂಥ ಪದವ್ಯಸನಿಗಳಿಗೆ ಹೆಚ್ಚು ರುಚಿಸುವುದು ಸಂತ ಸಿಸಿಲಿಯಾರ ಪ್ರಸಂಗ. ಮದುವೆಯಲ್ಲಿ ವಾದ್ಯಗಳು ಮೊಳಗುತ್ತಿದ್ದಾಗ ಆಕೆ ‘ತನ್ನ ಹೃದಯದಲ್ಲಿ’ ದೇವರಿಗೆ ಹಾಡಿಕೊಂಡರು ಎಂದು ಹಳೆಯ ಕಥನ. ಹಬ್ಬದ ದಿನ ಹಾಡುವ ಸಾಲಿನಲ್ಲಿ ಆ ‘ಹೃದಯದಲ್ಲಿ’ ಬಿಟ್ಟುಹೋಗಿ, ವಾದ್ಯಗಳ ಜೊತೆಗೇ ಆಕೆ ಹಾಡಿದಂತಾಯಿತು. ಚಿತ್ರಕಾರರು ಆಕೆಯ ಮುಂದೆ ಆರ್ಗನ್ ತಂದಿಟ್ಟರು. ವಾದ್ಯಗಳತ್ತ ಗಮನವನ್ನೇ ಕೊಡದಿದ್ದ ಹೆಣ್ಣುಮಗಳು ಸಂಗೀತಗಾರರ ಪಾಲಕಿ!

ಇಲ್ಲಿ ಕ್ರಿಯಾಪದದ ಪ್ರಶ್ನೆಯೂ ಏಳುತ್ತದೆ. ‘ಪಾಲಕಿ ಎಂದು ಘೋಷಿಸಲಾಗಿದೆ’ ಎಂದು ಕಣ್ಣುಮುಚ್ಚಿ ಬರೆಯುತ್ತಾರೆ. ಮೇಲೆ ಹೇಳಿದವರ ವಿಷಯದಲ್ಲಿ ಅದು ಸಲ್ಲದು. ಜನ ತಾವೇ ಹಿಡಿದುಕೊಂಡ ಸಂತರು ಇವರು. ಸಂತಪದವಿಯ ಜೊತೆಗೆ ಪಾಲಕತ್ವ ತಾನಾಗಿ ಬರುವುದೂ ಇಲ್ಲ. 1630ರಲ್ಲಿ ಎಂಟನೆಯ ಅರ್ಬನ್ ಪೋಪ್ ಪಾಲಕರ ಆಯ್ಕೆಗೆ ನಿಯಮ ಮಾಡಿ, ರೋಮಿನ ಅನುಮೋದನೆ ಬೇಕೆಂದರು. ಘೋಷಣೆಗೆ ಒಳ್ಳೆಯ ಉದಾಹರಣೆ ಪತ್ರಕರ್ತರ ಪಾಲಕರಾದ ಫ್ರಾನ್ಸಿಸ್ ದ ಸಾಲ್ಸ್: ಬೋಧನೆ ಕೇಳಲು ಬಾರದವರ ಬಾಗಿಲ ಸಂದಿಯಲ್ಲಿ ಕರಪತ್ರ ತೂರಿಸುತ್ತಿದ್ದವರು ಅವರು; 1923ರಲ್ಲಿ ಹನ್ನೊಂದನೆಯ ಪಿಯುಸ್ ಪೋಪ್ ಆ ಸ್ಥಾನ ಕೊಟ್ಟರು. ಅವರಿಗೆ ‘ಘೋಷಿಸಿದರು’ ಸರಿ. ಅಪೊಲೋನಿಯಾ, ಬಾರ್ಬರಾರಿಗೆ ‘ಎನಿಸಿಕೊಂಡರು’ ಸಾಕು.

ಷಷ್ಠಿಗೆ ನನ್ನ ಸೂಚನೆ ಇಷ್ಟೇ: ಪಾಲನೆ ಜನರದ್ದಾಗಲಿ, ಸಂಕಟದ್ದಾಗುವುದು ಬೇಡ. ‘ಹಲ್ಲುನೋವಿನವರ ಪಾಲಕಿ’, ‘ವಸ್ತು ಕಳೆದುಕೊಂಡವರ ಪಾಲಕ’. ಸಂತ ಯೂದರಿಗೆ ‘ಹತಾಶ ಪ್ರಕರಣಗಳ ಪಾಲಕ’ ಎಂಬ ಕೋರ್ಟುಭಾಷೆ ಬಿಟ್ಟು ‘ದಿಕ್ಕೆಟ್ಟವರ ಪಾಲಕ’ ಎಂದರೆ ಕನ್ನಡವಾದೀತು. (‘ಸಂತ’ಕ್ಕೆ ಸ್ತ್ರೀಲಿಂಗ ಮಾಡಲು ಹೋಗಿ ‘ಸಂತೆ’ ಕೂಡಿಸಬೇಡಿ ಎಂದು ಬೇರೆ ಹೇಳಬೇಕಿಲ್ಲ.)

ಈ ಉಪಾಯ ಸೋಲುವುದು ಅಸ್ಸಿಸಿಯ ಕ್ಲಾರಾರ ಹತ್ತಿರ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಆಕೆಗೆ ಕ್ರಿಸ್ಮಸ್ ರಾತ್ರಿ ದೂರದ ಚರ್ಚಿನ ಪೂಜೆ ಮಲಗಿದಲ್ಲಿಂದಲೇ ಕಂಡಿತು, ಕೇಳಿಸಿತು ಎಂಬ ಕಥೆಯನ್ನು ಹಿಡಿದು 1958ರಲ್ಲಿ ಹನ್ನೆರಡನೆಯ ಪಿಯುಸ್ ಪೋಪ್ ಆಕೆಯನ್ನು ಟೆಲಿವಿಷನ್ನಿಗೆ ಪಾಲಕಿಯನ್ನಾಗಿ ಮಾಡಿದರು. ಇಲ್ಲಿ ಹೆಸರಿಸಿದ್ದು ಜನರನ್ನಲ್ಲ, ಸಾಧನವನ್ನೇ. ‘ಟೆಲಿವಿಷನ್ನಿನವರ’ ಎಂದರೆ ಅರ್ಥ ಕಿರಿದಾಗುತ್ತದೆ. ‘ಟೆಲಿವಿಷನ್ ಮಾಧ್ಯಮದ ಪಾಲಕಿ’ ಎಂದರೆ ಮತ್ತೆ ಅದೇ ಷಷ್ಠಿ. ಚತುರ್ಥಿ ವಿಭಕ್ತಿ ಹಾಕಿ ‘ಟೆಲಿವಿಷನ್ನಿಗೆ ಪಾಲಕಿ’ ಎನ್ನಬಹುದೇ, ಅಥವಾ ಬಲ್ಲವರಲ್ಲಿ ಬೇರೆ ರೂಪವಿದೆಯೇ?